ಬಡಿಸುವ ಬೆಳ್ಳಿ

ಹಳೆಯ ಬೆಳ್ಳಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ತೂಕ. ಎಷ್ಟು ತೊಲ ಇದೆ, ಕರಗಿಸಿದರೆ ಎಷ್ಟು ಬಂದೀತು ಎಂದು ಕೇಳುತ್ತೇವೆ. ಇದನ್ನು ಏತಕ್ಕಾಗಿ ಮಾಡಿದ್ದರು ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಉದಾಹರಣೆಗೆ 18 ಮತ್ತು 19ನೆಯ ಶತಮಾನಗಳ ಇಂಗ್ಲೆಂಡಿನ ಊಟದ ಮೇಜನ್ನು ತೆಗೆದುಕೊಳ್ಳುತ್ತೇನೆ. ಬಡಿಸುವ ಒಂದೊಂದು ಕೆಲಸಕ್ಕೂ ಒಂದೊಂದು ಬೆಳ್ಳಿಯ ಸಲಕರಣೆಯನ್ನು ಕಲ್ಪಿಸಿಕೊಂಡಿದ್ದ ಮೇಜು ಅದು.

ಇಂಗ್ಲಿಷ್ ಬೆಳ್ಳಿಯ ಮೇಲೆ ಅದರ ಜಾತಕವೇ ಬರೆದಿರುತ್ತದೆ. ಸಾಲಾಗಿ ಒತ್ತಿದ ಸಣ್ಣ ಮುದ್ರೆಗಳನ್ನು ಭೂತಗನ್ನಡಿಯಿಂದ ನೋಡಬೇಕು. ನಡೆಯುತ್ತಿರುವ ಸಿಂಹದ ಮುದ್ರೆಯಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಒಂಟಿ ಅಕ್ಷರವೊಂದು ಪರೀಕ್ಷೆ ನಡೆದ ವರ್ಷವನ್ನು ತಿಳಿಸುತ್ತದೆ; ಲಂಡನ್ನಿನಲ್ಲಿ ಈ ಪದ್ಧತಿ 1478ರಷ್ಟು ಹಳೆಯದು. ದೊರೆಯ ತಲೆಯ ಮುದ್ರೆ 1784ರಿಂದ 1890ರವರೆಗೆ ಇದ್ದ ಸುಂಕದ ರಸೀತಿ. ಸವೆದ ಅಂಚಿನಲ್ಲಿ ಬೇರೆ ಲೋಹ ಇಣುಕಿದರೆ ಅದು ಬರಿಯ ಲೇಪವೆಂದು ತಿಳಿಯಬೇಕು.

ಆದರೆ ಮುದ್ರೆ ವಯಸ್ಸನ್ನು ಹೇಳೀತೇ ಹೊರತು ಕೆಲಸವನ್ನು ಹೇಳದು. ಅದನ್ನು ಆಕಾರದಿಂದಲೇ ಓದಬೇಕು. ಅಗಲವಾದ, ರಂಧ್ರಗಳ ಕುಸುರಿಯುಳ್ಳ ಅಲಗು ಮೀನಿನದು: ಬೆಂದ ಮೀನು ಮುರಿಯದಿರಲೆಂದು ಅಗಲ, ನೀರು ಬಸಿಯಲೆಂದು ರಂಧ್ರ. ಎರಡು ತುದಿಯಲ್ಲಿಯೂ ದೋಣಿಯಂತೆ ತೋಡಿದ ನೀಳವಾದ ಕಡ್ಡಿ ಮೂಳೆಯೊಳಗಿನ ಮಜ್ಜೆಯನ್ನು ತೆಗೆಯುವುದಕ್ಕೆ. ಒಂದು ತುದಿ ದಪ್ಪ ಮೂಳೆಗೆ, ಇನ್ನೊಂದು ಸಣ್ಣದಕ್ಕೆ. ಪಾತ್ರೆಯ ಒಳಗೆ ಮಾತ್ರ ಚಿನ್ನದ ಮುಲಾಮು ಇದ್ದರೆ ಅದನ್ನು ಬರಿಯ ಆಡಂಬರವೆಂದು ತಳ್ಳಿಬಿಡಬಾರದು. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಮೊಟ್ಟೆಯ ಗಂಧಕ ಅದನ್ನು ಕಪ್ಪಾಗಿಸುತ್ತದೆ. ಉಪ್ಪಿನ ಬಟ್ಟಲಿಗೂ ಮೊಟ್ಟೆಯ ಚಮಚಕ್ಕೂ ಚಿನ್ನವೇ ಕವಚ.

ಮುದ್ರೆಯೂ ರೂಪವೂ ಒಂದಕ್ಕೊಂದು ಒಪ್ಪದಿರುವುದೂ ಉಂಟು. ಹಣ್ಣುಹಂಪಲುಗಳ ಉಬ್ಬುಚಿತ್ರವಿರುವ ಚಮಚದ ಮುದ್ರೆ 18ನೆಯ ಶತಮಾನದ್ದಾದರೂ ಚಿತ್ರ ವಿಕ್ಟೋರಿಯಾ ಕಾಲದ್ದಾಗಿರಬಹುದು. ಸಾದಾ ಚಮಚಗಳಿಗೆ ಹೀಗೆ ಅಲಂಕಾರ ಮಾಡಿ ಹಣ್ಣು ಬಡಿಸುವುದಕ್ಕೆ ಇಟ್ಟುಕೊಂಡದ್ದು ಆಗಿನ ರೂಢಿ.

ಇವುಗಳ ನಡುವೆ ನಮಗೆ ತೀರ ಪರಿಚಿತವಾದ ಒಂದು ವಸ್ತುವಿದೆ. ಹಿಡಿಯಿಲ್ಲದ, ಒಂದು ಕಡೆ ಮೂತಿ ಚಾಚಿದ ಆ ಪುಟ್ಟ ದೋಣಿಯನ್ನು ಅವರು ಪ್ಯಾಪ್ ಬೋಟ್ ಎನ್ನುತ್ತಿದ್ದರು. ಹಾಲಿನಲ್ಲೊ ನೀರಿನಲ್ಲೊ ನೆನೆದ ಬ್ರೆಡ್ಡಿನ ಗಂಜಿಯನ್ನು ಮಗುವಿಗೆ ಕುಡಿಸುವ ಸಾಧನ. ಕನ್ನಡದ ತಾಯಂದಿರು ನೋಡಿದೊಡನೆ ‘ಒಳಲೆ’ ಎಂದಾರು.

ನಮ್ಮ ಕಷ್ಟವಿರುವುದೂ ಇಲ್ಲಿಯೇ. ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಅದಕ್ಕೆ ಹಿಂದಿನ ನಮ್ಮ ಒಳಲೆ, ತುಪ್ಪದ ಮಿಳ್ಳೆ, ಉದ್ಧರಣೆ, ಪನ್ನೀರುದಾನಿಗಳಿಗೆ ಸಿಂಹವೂ ಇಲ್ಲ, ವರ್ಷದ ಅಕ್ಷರವೂ ಇಲ್ಲ. ಅವುಗಳ ದಾಖಲೆಯೆಲ್ಲ ಇರುವುದು ಬಳಸಿದವರ ನೆನಪಿನಲ್ಲಿ. ಆ ನೆನಪು ಹೋದಮೇಲೆ ಮಿಳ್ಳೆಯೂ ಒಳಲೆಯೂ ಇಂತಿಷ್ಟು ಗ್ರಾಂ ಲೋಹ, ಅಷ್ಟೆ.

ಆದುದರಿಂದ ಕೇಳುಗರಲ್ಲಿ ನನ್ನದೊಂದು ಬಿನ್ನಹ. ಹಳೆಯ ಬೆಳ್ಳಿಯನ್ನು ಅಂಗಡಿಗೆ ಒಯ್ಯುವ ಮೊದಲು ಮನೆಯ ಹಿರಿಯರ ಮುಂದಿಡಿ. ಇದರ ಹೆಸರೇನು, ಯಾವ ದಿನ ಹೊರಗೆ ತೆಗೆಯುತ್ತಿದ್ದಿರಿ, ಏನನ್ನು ಬಡಿಸುತ್ತಿದ್ದಿರಿ ಎಂದು ಕೇಳಿ, ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಮಾರುವುದೋ ಉಳಿಸುವುದೋ ನಿಮಗೆ ಬಿಟ್ಟದ್ದು. ಚೀಟಿಯನ್ನಂತೂ ಉಳಿಸಿಕೊಳ್ಳಿ.