ಸೂರು ಮೊದಲು, ಸುಣ್ಣ ಆಮೇಲೆ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಳೇ ಹಾಸ್ಟೆಲ್ ರಿಪೇರಿ ಆಗಬೇಕು, ಹೊಸ ಹುಡುಗರು ಬರಬೇಕು, ಬಂದವರು ಓದು ಮುಗಿಸಬೇಕು. ಸಭೆ ಕರೆದಿರುವುದು ಇದಕ್ಕೇ. ರಿಪೇರಿ ಅಂದರೆ ನಮ್ಮಲ್ಲಿ ಏನು ನಡೆಯುತ್ತದೆ, ನಿಮಗೆ ಗೊತ್ತು. ಯಾರೋ ದೊಡ್ಡವರು ಬರ್ತಾರೆ ಅಂತ ಹಿಂದಿನ ದಿನ ಗೇಟಿಗೆ ಬಣ್ಣ, ಮುಂದಿನ ಗೋಡೆಗೆ ಸುಣ್ಣ. ಹಿಂದುಗಡೆ ಕಕ್ಕಸಿಗೆ ಬಾಗಿಲೇ ಇರೋದಿಲ್ಲ. ಬಂದವರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಳೆ ಬಂದ ರಾತ್ರಿ ಹುಡುಗ ಪುಸ್ತಕಕ್ಕೆ ಚಾಪೆ ಹೊದಿಸಿ ತಾನು ನೆನೆಯುತ್ತಾನೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೂ ಬಣ್ಣದ ಮಾತು ಆಡಿದ್ದರು. ಭ್ರಾತೃತ್ವ ಇಲ್ಲದೆ ಹೋದರೆ ಸ್ವಾತಂತ್ರ್ಯ, ಸಮಾನತೆ ಎರಡೂ ಬರೀ ಮೇಲೆ ಬಳಿದ ಬಣ್ಣ ಎಂಬುದು ಅವರ ಮಾತಿನ ತಿರುಳು. ಕಟ್ಟಡಕ್ಕೂ ಇದೇ ನ್ಯಾಯ.

ಅಮೆರಿಕದ ಕಾಲೇಜುಗಳಲ್ಲಿ ಭ್ರಾತೃತ್ವದ ಹೆಸರಿನಲ್ಲೇ ಸಂಘಗಳಿವೆ. ಫ್ರೆಟರ್ನಿಟಿ ಅಂತಾರೆ. ಎಷ್ಟೋ ಸಂಘಗಳ ಸದಸ್ಯರು ಒಂದೇ ಮನೆಯಲ್ಲಿದ್ದು ಓದುತ್ತಾರೆ. ಹಿಂದೆ ಬಿಳಿಯರ ಸಂಘಗಳು ಕಪ್ಪು ಹುಡುಗರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1904-05ರಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ತಿರುಗಿ ಬರಲಿಲ್ಲ. ಅಲ್ಲಿದ್ದವರು ಎಚ್ಚೆತ್ತರು. ಮೊದಲು ಜೊತೆಗೆ ಕೂತು ಓದುವ ಕೂಟ ಮಾಡಿಕೊಂಡರು. 1906ರ ಡಿಸೆಂಬರ್ 4ರಂದು ಅದನ್ನೇ ಆಲ್ಫಾ ಫೈ ಆಲ್ಫಾ ಎಂಬ ಸಂಘವಾಗಿ ಕಟ್ಟಿದರು. ಡು ಬಾಯ್ಸ್, ಮಾರ್ಟಿನ್ ಲೂಥರ್ ಕಿಂಗ್ ಇಬ್ಬರೂ ಮುಂದೆ ಈ ಸಂಘದವರಾದರು.

ಬಾಬಾಸಾಹೇಬರೂ ಇದನ್ನೇ ಕಂಡಿದ್ದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರ ಜನವರಿಯಲ್ಲೇ ಆ ಸಭಾ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಯಿತು. ಶಾಲೆಯ ಬಾಗಿಲು ತೆರೆದರೆ ಸಾಲದು, ರಾತ್ರಿ ತಲೆ ಇಡೋಕೆ ಜಾಗ ಬೇಕು.

ಅದಕ್ಕೇ ಕೇಳುತ್ತೇನೆ, ಹೋದ ವರ್ಷ ಸೇರಿದವರಲ್ಲಿ ಈ ವರ್ಷ ಎಷ್ಟು ಜನ ತಿರುಗಿ ಬಂದರು? ಬಾರದವನ ಹೆಸರಿಗೆ ಕೆಂಪು ಗೀಟು ಎಳೆದರೆ ಮುಗೀತೇ? ಅವನ ಕೇರಿಗೆ ಹೋಗಿ. ಯಾಕೋ ತಮ್ಮ ಬರಲಿಲ್ಲ ಅಂತ ಕೇಳಿ. ರಿಪೇರಿಯ ಪಟ್ಟಿ ಅವನ ಬಾಯಿಂದ ಬರಲಿ.

ಮೊದಲು ಸೂರು. ಒಡೆದ ಹಂಚು ತೆಗೆಯದೆ, ಮಳೆನೀರು ಹೋಗುವ ದಾರಿ ಮಾಡದೆ ಒದ್ದೆ ಗೋಡೆಗೆ ಸುಣ್ಣ ಹೊಡೆದರೆ ಹಪ್ಪಳದ ಹಾಗೆ ಏಳುತ್ತದೆ. ಆಮೇಲೆ ನೀರು, ಕಕ್ಕಸು. ಆಮೇಲೆ ಕರೆಂಟಿನ ವೈರು. ಒಂದು ಪ್ಲಗ್ಗಿಗೆ ಹತ್ತು ಮೊಬೈಲ್ ಚಾರ್ಜರ್ ನೇತುಹಾಕಿದರೆ ಹಳೇ ವೈರು ಕಾಯುತ್ತದೆ. ಇದು ಹುಡುಗಾಟ ಅಲ್ಲ. 1996ರ ಮೇ 12ರಂದು ಅಮೆರಿಕದ ಚಾಪೆಲ್ ಹಿಲ್ ಊರಿನ ಒಂದು ಫ್ರೆಟರ್ನಿಟಿ ಮನೆಗೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಅದು ಪದವಿ ಪ್ರದಾನದ ದಿನ. ಬೆಂಕಿ ಹತ್ತಿದರೆ ತಾನಾಗಿ ನೀರು ಸುರಿಯುವ ವ್ಯವಸ್ಥೆ ಅಂಥ ಮನೆಗಳಲ್ಲಿ ಇರಲೇಬೇಕು ಎಂದು ಆ ಊರು ಕಾನೂನು ಮಾಡಿದ್ದು ಆಮೇಲೆ. ಅಷ್ಟು ಶ್ರೀಮಂತ ದೇಶದಲ್ಲೇ ಹೆಣ ಬಿದ್ದ ಮೇಲೆ ಕಣ್ಣು ಬಿಟ್ಟರು. ಕಿಟಕಿಗೆಲ್ಲ ಕಬ್ಬಿಣದ ಸರಳು, ಇರೋದು ಒಂದೇ ಬಾಗಿಲು ಅಂದರೆ ನಮ್ಮ ಗತಿ ಏನು? ಎರಡನೇ ಬಾಗಿಲು ಕೇಳಿ.

ಇಷ್ಟಕ್ಕೂ ದುಡ್ಡು ಸರ್ಕಾರದ್ದು. ಅದು ಭಿಕ್ಷೆ ಅಲ್ಲ, ನಮ್ಮ ಅಪ್ಪ ಅವ್ವ ದುಡಿದದ್ದರ ಪಾಲು. ಎಲ್ಲರೂ ರುಜು ಹಾಕಿ ಅರ್ಜಿ ಕೊಡಿ. ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಎಲ್ಲರೂ ಒಟ್ಟಿಗೆ ಹೋಗೋಣ.

ಆದರೆ ಒಂದು ರಿಪೇರಿಗೆ ಯಾರ ಅಪ್ಪಣೆಯೂ ಬೇಡ. ರಾತ್ರಿ ಒಂದು ಗಂಟೆ ಹೊಸ ಹುಡುಗನ ಪಕ್ಕ ಕೂತು ಇಂಗ್ಲಿಷು, ಲೆಕ್ಕ ಹೇಳಿಕೊಡಿ. ಯಾವ ಜಾತಿ, ಯಾವ ಜಿಲ್ಲೆ ಅಂತ ಕೇಳಬೇಡಿ. ಉಂಡೆಯಾ ಅಂತ ಕೇಳಿ. ಸೋರದ ಸೂರು ಅವನನ್ನು ಇಲ್ಲಿಗೆ ಕರೆತರಬಹುದು. ಅವನು ಉಳಿಯೋದು ನಿಮ್ಮಿಂದ.

ಬಣ್ಣ ಕಡೆಗೆ ಬಳಿಯೋಣ. ನಾವೇ ಬಳಿಯೋಣ.

ಜೈ ಭೀಮ್.