ಗಂಡು ಹೆಸರಿನ ಹಿಂದಿದ್ದ ಲೇಖಕಿ



ಹೊದಿಕೆಯ ಮೇಲೆ ಹೆಣ್ಣಿನ ಹೆಸರಿದ್ದರೆ ಹುಡುಗರು ಸಾಹಸ ಕಥೆಯ ಪುಸ್ತಕವನ್ನು ಕೊಳ್ಳುವುದಿಲ್ಲವೆಂದು ಪ್ರಕಾಶಕರು ನಂಬಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ, 1934ರಲ್ಲಿ, ಅಮೆರಿಕದ ಆಲಿಸ್ ಮೇರಿ ನಾರ್ಟನ್ ಕಾನೂನುಬದ್ಧವಾಗಿಯೇ ಆಂಡ್ರೆ ಆಲಿಸ್ ನಾರ್ಟನ್ ಆದರು. ಅದೇ ವರ್ಷ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಆಗ ಅವರ ವಯಸ್ಸು 22.

ನಾರ್ಟನ್ ಹುಟ್ಟಿದ್ದು 1912ರಲ್ಲಿ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಶಿಕ್ಷಕಿಯಾಗಬೇಕೆಂದು ಕಾಲೇಜು ಸೇರಿದವರು ಆರ್ಥಿಕ ಮುಗ್ಗಟ್ಟಿನಿಂದಾಗಿ 1932ರಲ್ಲಿ ಓದನ್ನು ನಿಲ್ಲಿಸಿ ದುಡಿಯಬೇಕಾಯಿತು. ಅಲ್ಲಿಂದ 1950ರವರೆಗಿನ ಬಹುಪಾಲು ಕಾಲವನ್ನು ಅವರು ನಗರದ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕಳೆದರು. ನಿಮ್ಮ ವಯಸ್ಸಿನವರು ಯಾವ ಪುಸ್ತಕಕ್ಕೆ ಕೈ ಚಾಚುತ್ತಾರೆ, ಯಾವುದನ್ನು ಅರ್ಧಕ್ಕೇ ಬಿಡುತ್ತಾರೆ ಎಂಬುದನ್ನು ದಿನವೂ ನೋಡಬಹುದಾದ ಕೆಲಸವದು.

1952ರಲ್ಲಿ ಬಂದ ‘ಸ್ಟಾರ್ ಮ್ಯಾನ್ಸ್ ಸನ್’ ಅವರ ಮೊದಲ ವೈಜ್ಞಾನಿಕ ಕಾದಂಬರಿ. ಅಣುಯುದ್ಧದಿಂದ ಹಾಳಾದ ಭೂಮಿಯಲ್ಲಿ ಫೋರ್ಸ್ ಎಂಬ ತರುಣನಿದ್ದಾನೆ. ಅವನ ಕೂದಲಿನ ಬಣ್ಣ ಬೇರೆ. ಅಷ್ಟಕ್ಕೇ ಅವನ ಕುಲ ಅವನನ್ನು ಶಂಕಿಸುತ್ತದೆ. ಅವನು ದೊಡ್ಡ ಬೆಕ್ಕೊಂದನ್ನು ಜೊತೆಗಿಟ್ಟುಕೊಂಡು ಪಾಳುಬಿದ್ದ ನಗರಗಳನ್ನು ಹುಡುಕಿ ಹೊರಡುತ್ತಾನೆ. ತಿರಸ್ಕೃತರು, ಅನಾಥರು, ಎಲ್ಲಿಯೂ ಸಲ್ಲದವರು: ನಾರ್ಟನ್ ಅವರ ನಾಯಕ ನಾಯಕಿಯರು ಹೆಚ್ಚಾಗಿ ಇಂಥವರೇ. ಓದುವ ಎಳೆಯರನ್ನು ಅವರು ಎಂದೂ ಹಗುರವಾಗಿ ಕಾಣಲಿಲ್ಲ.

1963ರಲ್ಲಿ ‘ವಿಚ್ ವರ್ಲ್ಡ್’ ಮಾಲೆ ಆರಂಭವಾಯಿತು. ಅದರಲ್ಲಿ ಬರುವ ಎಸ್ಟ್‌ಕಾರ್ಪ್ ನಾಡಿನಲ್ಲಿ ಮಂತ್ರಶಕ್ತಿಯೂ ಆಡಳಿತವೂ ಹೆಂಗಸರ ಕೈಯಲ್ಲಿದೆ. ತನ್ನ ಹೆಸರನ್ನೇ ಬದಲಿಸಬೇಕಾಗಿ ಬಂದ ಲೇಖಕಿ ಇಂಥದೊಂದು ನಾಡನ್ನು ಕಟ್ಟಿದರೆಂಬುದು ಯೋಚಿಸಬೇಕಾದ ಸಂಗತಿ.

ನಾರ್ಟನ್ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಆದರೂ ‘ಮಕ್ಕಳ ಲೇಖಕಿ’ ಎಂಬ ಹಣೆಪಟ್ಟಿಯಿಂದಾಗಿ ವಿಮರ್ಶಕರ ಗಮನ ಅವರತ್ತ ಹರಿದದ್ದು ಕಡಿಮೆ. ಕೊನೆಗೆ 1984ರಲ್ಲಿ ಅಮೆರಿಕದ ವೈಜ್ಞಾನಿಕ ಕಥಾಲೇಖಕರ ಸಂಘ ಅವರಿಗೆ ‘ಗ್ರ್ಯಾಂಡ್ ಮಾಸ್ಟರ್’ ಗೌರವ ನೀಡಿತು. ಅದನ್ನು ಪಡೆದ ಮೊದಲ ಮಹಿಳೆ ಅವರೇ. 2005ರ ಮಾರ್ಚ್ 17ರಂದು, 93ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅದೇ ವರ್ಷ ಆ ಸಂಘ ಕಿರಿಯರಿಗಾಗಿ ಬರೆದ ಕೃತಿಗಳಿಗೆಂದು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.

ಮಿತ್ರರೇ, ಮುಂದಿನ ಸಲ ನಿಮ್ಮ ಗ್ರಂಥಾಲಯದಲ್ಲಿ ಪುಸ್ತಕ ಆರಿಸುವಾಗ ಹೊದಿಕೆಯ ಹೆಸರನ್ನಷ್ಟೇ ನೋಡಿ ಕೆಳಗಿಡಬೇಡಿ. ಮೊದಲು ಹತ್ತು ಪುಟ ಓದಿ, ಆಮೇಲೆ ತೀರ್ಮಾನಿಸಿ.