ಮೊದಲು ದಾರ, ಆಮೇಲೆ ಬೋಲ್ಟ್

ನಮ್ಮ ಮೈಲಾರಲಿಂಗನನ್ನ ಖಂಡೋಬಾ ಅಂತ ಕರೆಯೋ ಊರು ಈ ಜೇಜುರಿ. ಇಲ್ಲಿ ನಮ್ಮ ತಾರಸಿಗೆ ಸೋಲಾರ್ ಹಾಕಿಸುವಾಗ ನಾನು ಹಿಡಿದದ್ದು ಒಂದೇ ಹಟ: ಪ್ಯಾನೆಲ್ ಕೂರೋ ಅಲ್ಯೂಮಿನಿಯಂ ರೈಲ್‌ಗಳನ್ನ ಪ್ಯಾರಾಪೆಟ್ ಗೋಡೆಯಿಂದ ಅಳೀಬೇಡಿ. ಗೋಡೆಯೇ ಸೊಟ್ಟಗಿರಬಹುದು.

ಮೊದಲು ಮೇಲಿನದು, ಕೆಳಗಿನದು, ಸಮ ಉದ್ದದ ಎರಡೇ ರೈಲ್ ಸಡಿಲವಾಗಿ ಕೂರಿಸಿ. ಎರಡೂ ತುದಿಯಲ್ಲಿ ಅಂತರ ಒಂದೇ ಇರಲಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ; ಸಮ ಬಂದರೆ ಮೂಲೆ ಸರಿ. ಆಮೇಲೆ ಎರಡರ ನಡುವೆ ದಾರ ಬಿಗಿದು, ಮಧ್ಯದ ರೈಲ್‌ಗಳನ್ನ ಅದರ ಮಟ್ಟಕ್ಕೆ ತಂದು ಬೋಲ್ಟ್ ಬಿಗಿ ಮಾಡಿ.

6 ಮೀಟರ್ ರೈಲ್ 40 ಡಿಗ್ರಿ ಬಿಸಿಯೇರಿದರೆ ಸುಮಾರು 5.5 ಮಿಲಿಮೀಟರ್ ಹಿಗ್ಗುತ್ತೆ. ಜೋಡಣೆಯಲ್ಲಿ ಸಂದು ಬಿಡಿ.

ಸೊಟ್ಟ ರೈಲ್ ಮೇಲೆ ಪ್ಯಾನೆಲ್ ಒತ್ತಿ ಬಿಗಿದರೆ ಒಳಗಿನ ಸೆಲ್ ಬಿರುಕು ಬಿಡಬಹುದು, ಕಣ್ಣಿಗೆ ಕಾಣಲ್ಲ. 25 ವರ್ಷ ಬಾಳಬೇಕಾದ ಪ್ಯಾನೆಲ್‌ಗೆ ಅರ್ಧ ಗಂಟೆ ದಾರದ ಕೆಲಸ ಹೆಚ್ಚೇನಲ್ಲ.